ಡ್ರೈವ್ ಹೊಸದು, ಬ್ಯಾಕಪ್ ಮಾತ್ರ ಯಾಕೆ ತಡ?

ಪ್ರಶ್ನೆ: ನಾನು ಚಿಂತಾಮಣಿಯವಳು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸೇವಾ ಕಂಪನಿಯ ಸ್ಟೋರೇಜ್ ತಂಡದಲ್ಲಿ ಎರಡು ವರ್ಷದಿಂದ ಇದ್ದೇನೆ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಅಮೆರಿಕದ ಗ್ರಾಹಕರೊಬ್ಬರ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಬೃಹತ್ ಕಂಪ್ಯೂಟರ್) ಬ್ಯಾಕಪ್ ನಮ್ಮ ಜವಾಬ್ದಾರಿ. ಐಬಿಎಂನ ಬ್ಯಾಕಪ್ ತಂತ್ರಾಂಶ ಸ್ಪೆಕ್ಟ್ರಮ್ ಪ್ರೊಟೆಕ್ಟ್‌ನ (2023ರಿಂದ ಅದರ ಹೆಸರು ಸ್ಟೋರೇಜ್ ಪ್ರೊಟೆಕ್ಟ್) ಸರ್ವರ್ ಮೇನ್‌ಫ್ರೇಮ್ ಮೇಲೆ ಓಡುವ ಲಿನಕ್ಸ್ ಆನ್ ಝಡ್‌ನಲ್ಲಿದೆ, ಟೇಪ್‌ಗಳನ್ನು ಅದು ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಆದ ಝಡ್‌ಓಎಸ್‌ನ ಮೀಡಿಯಾ ಸರ್ವರ್ ಮೂಲಕ ಬಳಸುತ್ತದೆ. ಟೇಪ್ ಲೈಬ್ರರಿ (ಟೇಪ್‌ಗಳ ಕಪಾಟು, ರೋಬಾಟ್ ಕೈ, ಡ್ರೈವ್‌ಗಳು) ಝಡ್‌ಓಎಸ್‌ನ ಸ್ಟೋರೇಜ್ ನಿರ್ವಹಣಾ ಭಾಗವಾದ ಎಸ್‌ಎಂಎಸ್ ನಿಯಂತ್ರಣದಲ್ಲಿಲ್ಲ. ಮೊದಲು ಐಬಿಎಂ 3592 ಕುಟುಂಬದ ಎಂಟು ಇ07 ಟೇಪ್ ಡ್ರೈವ್‌ಗಳಿದ್ದವು. ಕಳೆದ ತಿಂಗಳು ನಾಲ್ಕನ್ನು ತೆಗೆದು ಮುಂದಿನ ತಲೆಮಾರಿನ ಇ08 ಹಾಕಿದರು. ಅವರ ರಾತ್ರಿ ಹತ್ತಕ್ಕೆ, ಅಂದರೆ ನಮ್ಮ ಬೆಳಗ್ಗೆ ಏಳೂವರೆಗೆ ಶುರುವಾಗುವ ಬ್ಯಾಕಪ್ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತಿತ್ತು. ಈಗ ಸಂಜೆ ಆರೂವರೆಯಾದರೂ ನಡೆಯುತ್ತಿರುತ್ತದೆ. ಹೊಸ ಡ್ರೈವ್ ಮೇಲೆ ಓಡಿದ ಕೆಲಸವೂ ಬೇಗ ಮುಗಿಯುತ್ತಿಲ್ಲ. ಸೆಷನ್‌ಗಳು ‘ಮೀಡಿಯಾ ವೆಯ್ಟ್’ ಎಂದು ನಿಂತಿರುತ್ತವೆ, ಕೆಲವು ಮೌಂಟ್‌ಗಳು (ಟೇಪನ್ನು ಡ್ರೈವ್‌ಗೆ ಹಾಕುವುದು) ವಿಫಲವಾಗುತ್ತವೆ, ತಮ್ಮ ಬ್ಯಾಚ್ ಕೆಲಸಕ್ಕೆ ಡ್ರೈವ್ ಸಿಗುತ್ತಿಲ್ಲವೆಂದು ಇತರ ತಂಡಗಳ ದೂರು, ಜತೆಗೆ ಸ್ಕ್ರ್ಯಾಚ್ ಟೇಪ್‌ಗಳೂ (ಮತ್ತೆ ಬರೆಯಲು ಸಿಗುವ ಖಾಲಿ ಟೇಪ್‌ಗಳು) ಕರಗುತ್ತಿವೆ. ಪ್ರಾಥಮಿಕ ಪೂಲ್‌ಗೆ (ಮೂಲ ಬ್ಯಾಕಪ್ ಇರುವ ಜಾಗ) ಒಂದು, ಕಾಪಿ ಪೂಲ್‌ಗೆ (ಅದರ ಎರಡನೆಯ ಪ್ರತಿ) ಒಂದು ಡಿವೈಸ್ ಕ್ಲಾಸ್ (ಟೇಪ್‌ಗಳನ್ನು ಹೇಗೆ ಬಳಸಬೇಕೆಂಬ ಸೆಟ್ಟಿಂಗ್‌ಗಳ ಗುಂಪು) ಇವೆ. ಎರಡರಲ್ಲೂ ಯೂನಿಟ್ 3590-1, ಮೌಂಟ್ ಲಿಮಿಟ್ 6, ಮೌಂಟ್ ರಿಟೆನ್ಷನ್ 60, ಮೌಂಟ್ ವೆಯ್ಟ್ 60. ‘ರಿಟೆನ್ಷನ್ 45 ಹಾಕು, ಸ್ಕ್ರ್ಯಾಚ್ ತಾನಾಗಿ ವಾಪಸು ಬರುತ್ತದೆ’ ಎಂದು ಹೇಳಿ ನಮ್ಮ ಹಿರಿಯ ಸಹೋದ್ಯೋಗಿ ಬೇರೆ ಪ್ರಾಜೆಕ್ಟಿಗೆ ಹೋದರು. ಯಾವುದನ್ನು, ಯಾವ ಕ್ರಮದಲ್ಲಿ ಬದಲಿಸಲಿ?

ಉತ್ತರ: ಮೊದಲು ಆ ರಿಟೆನ್ಷನ್ 45ರ ವಿಷಯ. ಇದು ಮೌಂಟ್ ರಿಟೆನ್ಷನ್ ಅಲ್ಲ, ಟೇಪನ್ನು ಎಷ್ಟು ದಿನ ಉಳಿಸಬೇಕೆಂದು ಹೇಳುವ ಬೇರೆಯದೇ ಸೆಟ್ಟಿಂಗ್. ಅದನ್ನು ಹಾಕಬೇಡಿ. ಹಾಕಿಬಿಟ್ಟಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಹೋಗಿ ಖಾಲಿ ಮಾಡಿ ಬನ್ನಿ. ಕಾರಣ ಕೊನೆಯ ಭಾಗದಲ್ಲಿದೆ. ನೀವು ಬರೆದಿರುವ ತೊಂದರೆಗಳಲ್ಲಿ ಬೇರೆ ಯಾವುದರಿಂದಲೂ ದತ್ತಾಂಶ ನಾಶವಾಗುವುದಿಲ್ಲ, ಇದೊಂದರಿಂದ ಆಗುತ್ತದೆ.

ಡಿವೈಸ್ ಕ್ಲಾಸ್‌ನ ಹತ್ತು ಹನ್ನೆರಡು ಸೆಟ್ಟಿಂಗ್‌ಗಳನ್ನು ಕೈಪಿಡಿಯಲ್ಲಿ ಒಂದರ ಕೆಳಗೊಂದು ಜೋಡಿಸಿರುತ್ತಾರೆ. ಎಲ್ಲಕ್ಕೂ ಒಂದೇ ತೂಕ ಎಂಬ ಭಾವನೆ ಅಲ್ಲಿಂದಲೇ ಹುಟ್ಟುತ್ತದೆ. ಕೆಲಸಕ್ಕೆ ಬರುವುದು ನಾಲ್ಕೈದು ಮಾತ್ರ, ಅವು ಅರ್ಥವಾಗಬೇಕಾದರೆ ಡ್ರೈವ್‌ಗಳ ಯಜಮಾನ ಯಾರು ಎಂಬುದು ಮೊದಲು ಸ್ಪಷ್ಟವಾಗಬೇಕು. ಲಿನಕ್ಸ್‌ನಲ್ಲೋ ಎಐಎಕ್ಸ್‌ನಲ್ಲೋ ಸರ್ವರ್‌ಗೆ ತನ್ನದೇ ಲೈಬ್ರರಿ ಇದ್ದರೆ ಪ್ರತಿ ಡ್ರೈವನ್ನೂ, ಅದಕ್ಕೆ ಹೋಗುವ ದಾರಿಯನ್ನೂ ಸರ್ವರ್‌ಗೆ ಹೇಳಿಕೊಟ್ಟಿರುತ್ತೇವೆ. ಎಷ್ಟು ಡ್ರೈವ್ ಇವೆ, ಯಾವುದು ಬಿಡುವಾಗಿದೆ ಎಂಬುದು ಅದಕ್ಕೆ ಗೊತ್ತು. ನಿಮ್ಮಲ್ಲಿ ಹಾಗಿಲ್ಲ. ಝಡ್‌ಓಎಸ್ ಮೀಡಿಯಾ ಲೈಬ್ರರಿಯಲ್ಲಿ ಡ್ರೈವ್‌ಗಳನ್ನು ಸರ್ವರ್‌ಗೆ ಪರಿಚಯಿಸುವುದೇ ಇಲ್ಲ. ಸರ್ವರ್ ‘ಒಂದು ಟೇಪ್ ಬೇಕು’ ಎನ್ನುತ್ತದೆ, ಮೀಡಿಯಾ ಸರ್ವರ್ ಆ ಬೇಡಿಕೆಯನ್ನು ಝಡ್‌ಓಎಸ್ ಮುಂದಿಡುತ್ತದೆ, ಯಾವ ಡ್ರೈವ್ ಕೊಡಬೇಕೆಂದು ಝಡ್‌ಓಎಸ್ ತೀರ್ಮಾನಿಸುತ್ತದೆ. ಅದೇ ಡ್ರೈವ್‌ಗಳನ್ನು ಎಚ್‌ಎಸ್‌ಎಂ (ಬಳಕೆಯಿಲ್ಲದ ಕಡತಗಳನ್ನು ಟೇಪಿಗೆ ಸಾಗಿಸುವ ಝಡ್‌ಓಎಸ್ ತಂತ್ರಾಂಶ) ಕೇಳುತ್ತಿರುತ್ತದೆ, ರಾತ್ರಿಯ ಬ್ಯಾಚ್ ಕೆಲಸಗಳೂ ಕೇಳುತ್ತಿರುತ್ತವೆ.

ಊರಲ್ಲಿ ಪಕ್ಕದ ಮನೆಯಿಂದ ಕಡ ತರುವುದು ನಿಮಗೆ ಹೊಸದಲ್ಲ. ಯಾವುದು ಬೇಕು, ಎಷ್ಟು ಬೇಕು, ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ, ಈಗ ಇಲ್ಲವೆಂದರೆ ಎಷ್ಟು ಹೊತ್ತು ಬಾಗಿಲಲ್ಲಿ ನಿಲ್ಲುತ್ತೀರಿ. ಯೂನಿಟ್, ಮೌಂಟ್ ಲಿಮಿಟ್, ಮೌಂಟ್ ರಿಟೆನ್ಷನ್, ಮೌಂಟ್ ವೆಯ್ಟ್ ಎಂದರೆ ಈ ನಾಲ್ಕು ಮಾತು, ಇದೇ ಕ್ರಮದಲ್ಲಿ. ನಿಮ್ಮ ಸರ್ವರ್ ಈಗ ಕಡ ಕೇಳುತ್ತಿರುವ ರೀತಿ ನೋಡಿ: ಯಾವುದಾದರೂ ಸರಿ, ಹನ್ನೆರಡು ಕೊಡಿ, ಕೆಲಸ ಮುಗಿದ ಮೇಲೂ ಒಂದು ಗಂಟೆ ಇಟ್ಟುಕೊಳ್ಳುತ್ತೇವೆ, ಇಲ್ಲವೆಂದರೆ ಒಂದು ಗಂಟೆ ಕಾಯುತ್ತೇವೆ. ನೆರೆಮನೆಯವರು ಬೇಸರ ಮಾಡಿಕೊಂಡರೆ ಆಶ್ಚರ್ಯವಿಲ್ಲ.

ಯೂನಿಟ್‌ನಿಂದ ಶುರು ಮಾಡೋಣ. ಮೌಂಟ್‌ಗಳು ವಿಫಲವಾಗುತ್ತಿರುವುದು ಇಲ್ಲಿಂದಲೇ ಎಂದು ನನ್ನ ಬಲವಾದ ಅನುಮಾನ. 3592 ಕುಟುಂಬದ ಡ್ರೈವ್‌ಗಳು, ಯಾವ ತಲೆಮಾರಿನವಾದರೂ, ಝಡ್‌ಓಎಸ್ ಮುಂದೆ ತಮ್ಮನ್ನು 3590 ಎಂದೇ ಹೇಳಿಕೊಳ್ಳುತ್ತವೆ. ಎಲ್ಲವೂ 3590-1 ಎಂಬ ಒಂದೇ ಸಾಮಾನ್ಯ ಹೆಸರಿನಡಿ ಬರುತ್ತವೆ. ಕನ್ಸೋಲ್‌ನಲ್ಲಿ ‘ಡಿ ಯು’ ಕೊಟ್ಟು ನೋಡಿದರೆ ಎಂಟೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ನಿಜವಾದ ಗುರುತು ಬೇಕಿದ್ದರೆ ‘ಡೆವ್‌ಸರ್ವ್ ಕ್ಯೂಟೇಪ್’ ಕೊಡಿ, ಚಿಕ್ಕದಾಗಿ ‘ಡಿಎಸ್ ಕ್ಯೂಟಿ’. ತೋರಿಕೆಯ ಮಾದರಿಯ ಜತೆಗೆ ಒಳಗಿನ ಅಸಲಿ ಮಾದರಿಯೂ ಅಲ್ಲಿ ಕಾಣುತ್ತದೆ. ಎಂಟು ವಿಳಾಸಗಳಿಗೂ ಕೊಟ್ಟು, ಇ07 ಯಾವುವು, ಇ08 ಯಾವುವು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಡ್ರೈವ್ ಕೂರಿಸಿದವರು ಕೊಟ್ಟ ಪಟ್ಟಿಯನ್ನು ನಂಬಿ ಕೂರಬೇಡಿ. ಆ ಪಟ್ಟಿ ತಪ್ಪಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಎರಡು ತಲೆಮಾರು ಬೆರೆತರೆ ಆಗುವುದೇನು? ನಿಮ್ಮಲ್ಲಿರುವುದು ಬಹುಪಾಲು ಜೆಸಿ ಎಂಬ ಬಗೆಯ ಕಾರ್ಟ್ರಿಜ್‌ಗಳು (ಟೇಪಿನ ಡಬ್ಬಿಗಳು) ಎಂದುಕೊಳ್ಳುತ್ತೇನೆ. ಇ07 ಒಂದು ಜೆಸಿ ಕಾರ್ಟ್ರಿಜ್ ಮೇಲೆ 4 ಟೆರಾಬೈಟ್ ಬರೆಯುತ್ತದೆ. ಅದೇ ಕಾರ್ಟ್ರಿಜ್ ಸ್ಕ್ರ್ಯಾಚ್ ಆಗಿ ಇ08ರೊಳಗೆ ಹೋದರೆ, ಅದು ತನ್ನ ಹೊಸ ಮಾದರಿಯಲ್ಲಿ 7 ಟೆರಾಬೈಟ್‌ವರೆಗೆ ಬರೆಯಬಲ್ಲದು. ಹೊರಗಿನಿಂದ ನೋಡಿದರೆ ಅದೇ ಡಬ್ಬಿ, ಅದೇ ಬಾರ್‌ಕೋಡ್. ಮರುದಿನ ಸರ್ವರ್ ಅದರ ಮೇಲೆ ಮುಂದುವರಿಸಿ ಬರೆಯಲು ಹೊರಡುತ್ತದೆ, ಝಡ್‌ಓಎಸ್ ಕೈಗೆ ಸಿಕ್ಕ 3590-1 ಎಂದು ಇ07ರಲ್ಲಿ ಹಾಕಿಸುತ್ತದೆ, ಇ07ಗೆ ಆ ಬರಹ ಓದಲು ಬರುವುದಿಲ್ಲ. ಮೌಂಟ್ ವಿಫಲ. ಅಲ್ಲಿಂದ ಮರುಪ್ರಯತ್ನ, ಕಾಯುವಿಕೆ. ತಿರುಗಿ ಹಾಕಿದಾಗ ಅದೃಷ್ಟಕ್ಕೆ ಇ08 ಸಿಕ್ಕಿದರೆ ಸರಿಹೋಗುತ್ತದೆ. ‘ಕೆಲವು ಮೌಂಟ್‌ಗಳು’ ಮಾತ್ರ ವಿಫಲವಾಗುತ್ತವೆ ಎಂದು ನೀವು ಬರೆದಿರುವುದರ ಗುಟ್ಟು ಬಹುಶಃ ಇಷ್ಟೇ. ಇ08 ಇ07 ಬರೆದ ಜೆಸಿಯನ್ನು ಓದುತ್ತದೆ, ಆ ಚಿಂತೆ ಬೇಡ. ಆದರೆ ನಿಮ್ಮ ಕಪಾಟಿನಲ್ಲಿ ಇನ್ನೂ ಹಳೆಯ ಜೆಬಿ ಕಾರ್ಟ್ರಿಜ್‌ಗಳಿದ್ದರೆ ಇ08 ಅವನ್ನು ಮುಟ್ಟುವುದೇ ಇಲ್ಲ. ಉಳಿದ ನಾಲ್ಕು ಇ07ಗಳನ್ನು ತೆಗೆಯುವ ಮೊದಲು ಆ ಜೆಬಿ ಕಾರ್ಟ್ರಿಜ್‌ಗಳ ದತ್ತಾಂಶವನ್ನು ಬೇರೆಡೆಗೆ ಸಾಗಿಸಬೇಕು.

ಪರಿಹಾರಕ್ಕೆ ಎಚ್‌ಸಿಡಿ (ಝಡ್‌ಓಎಸ್‌ಗೆ ಯಂತ್ರಾಂಶವನ್ನು ಪರಿಚಯಿಸುವ ಸಾಧನ) ನೋಡಿಕೊಳ್ಳುವವರ ನೆರವು ಬೇಕು. ಇ07ಗಳಿಗೆ ಒಂದು ಎಸೊಟೆರಿಕ್ ಹೆಸರು (ಕೆಲವು ಡ್ರೈವ್‌ಗಳ ಗುಂಪಿಗೆ ನಾವೇ ಇಡುವ ಹೆಸರು), ಇ08ಗಳಿಗೆ ಇನ್ನೊಂದು ಹೆಸರು ಕೊಡಿಸಿ. ಆಮೇಲೆ ಇ08ಗೆಂದೇ ಹೊಸ ಡಿವೈಸ್ ಕ್ಲಾಸ್ ಮಾಡಿ, ಅದರ ಯೂನಿಟ್‌ನಲ್ಲಿ ಆ ಹೆಸರು ಬರೆಯಿರಿ. ಹಳೆಯ ಕ್ಲಾಸ್‌ಗಳ ಯೂನಿಟ್‌ಗೆ ಇ07ಗಳ ಹೆಸರು. ಈಗಿರುವ ಸ್ಟೋರೇಜ್ ಪೂಲನ್ನು ಹೊಸ ಕ್ಲಾಸ್‌ಗೆ ಬದಲಾಯಿಸಲು ಬರುವುದಿಲ್ಲ, ಅದಕ್ಕೆ ಹೊಸ ಪೂಲ್ ಬೇಕೇ ಬೇಕು. ಇನ್ನು ಮೇಲೆ ಬರೆಯುವುದೆಲ್ಲ ಹೊಸ ಪೂಲ್‌ಗೆ ಹೋಗಲಿ, ಹಳೆಯ ಪೂಲ್ ಓದುವುದಕ್ಕಷ್ಟೇ ಇರಲಿ, ಅದರಲ್ಲಿರುವುದನ್ನು ವಾರಾಂತ್ಯಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸಾಗಿಸಿ. ಈ ಒಂದು ತಿಂಗಳಲ್ಲಿ ಇ08 ಬರೆದ ಟೇಪ್‌ಗಳು ಮಾತ್ರ ಹಳೆಯ ಪೂಲ್‌ನಲ್ಲೇ ಸಿಕ್ಕಿಕೊಂಡಿವೆ. ಯೂನಿಟ್ ಬದಲಿಸಿದೊಡನೆ ಇವು ಓದಲು ಸಿಗದೆ ಹೋಗುತ್ತವೆ. ಹಾಗಾಗಿ ಬದಲಿಸುವ ಮುನ್ನ ಅವನ್ನು ಗುರುತಿಸಿ. ಟೇಪ್ ನಿರ್ವಹಣಾ ತಂತ್ರಾಂಶ ಪ್ರತಿ ಟೇಪಿನ ಬರಹದ ಮಾದರಿಯನ್ನು ದಾಖಲಿಸಿರುತ್ತದೆ. ಆ ಪಟ್ಟಿ ತೆಗೆದು, ಮೊದಲು ಅವುಗಳನ್ನೇ ಖಾಲಿ ಮಾಡಿ. ಈ ಹೆಜ್ಜೆ ಮರೆತರೆ ಇವತ್ತಿನ ಅವಸ್ಥೆಗಿಂತ ಕೆಟ್ಟ ಅವಸ್ಥೆ.

ಈಗ ಎಣಿಕೆ. ಮೌಂಟ್ ಲಿಮಿಟ್ ಎಂಬುದು ಒಂದು ಕ್ಲಾಸ್‌ಗೆ ಏಕಕಾಲಕ್ಕೆ ಎಷ್ಟು ಟೇಪ್ ಹಾಕಿಸಬಹುದು ಎಂಬ ಮಿತಿ. ನಿಮ್ಮ ಎರಡು ಕ್ಲಾಸ್‌ಗಳೂ ಅದೇ ಡ್ರೈವ್‌ಗಳನ್ನು ಹಂಚಿಕೊಂಡಿವೆ ಎಂಬುದು ಸರ್ವರ್‌ಗೆ ತಿಳಿಯದು. ಆರು ಮತ್ತು ಆರು ಹನ್ನೆರಡು ಎಂದು ಅದು ಎಣಿಸುತ್ತದೆ, ಇರುವುದು ಎಂಟು. ಏನೂ ಹೇಳದೆ ಬಿಟ್ಟರೆ ಈ ಮಿತಿ 2 ಆಗಿರುತ್ತದೆ. ಯಾರೋ ಒಂದು ದಿನ ಅವಸರಕ್ಕೆ ಹೆಚ್ಚಿಸಿ ಹಾಗೇ ಬಿಟ್ಟಿದ್ದಾರೆ. ನಿಮ್ಮ ಸರ್ವರ್ ಸಿಕ್ಕಷ್ಟನ್ನೂ ಬಾಚಿಕೊಂಡಾಗ ಇತರರ ಬ್ಯಾಚ್ ಕೆಲಸಕ್ಕೆ ಡ್ರೈವ್ ಸಿಗದೆ ಆಪರೇಟರ್ ಮುಂದೆ ಐಇಎಫ್238ಡಿ ಬಂದು ನಿಲ್ಲುತ್ತದೆ: ಡಿವೈಸ್ ಹೆಸರು ಕೊಡು, ಇಲ್ಲವೇ ಕಾಯಿಸು, ಇಲ್ಲವೇ ರದ್ದು ಮಾಡು. ಆ ಸಂದೇಶಕ್ಕೆ ಯಾರೂ ಉತ್ತರ ಕೊಡದ ಪ್ರತಿ ನಿಮಿಷವೂ ನಿಮ್ಮ ತಂಡದ ಹೆಸರಿಗೇ ಜಮೆಯಾಗುತ್ತದೆ.

ಪ್ರಾಥಮಿಕ ಪೂಲ್ ಮತ್ತು ಕಾಪಿ ಪೂಲ್ ಎರಡೂ ಒಂದೇ ಡಿವೈಸ್ ಕ್ಲಾಸ್ ಬಳಸಬಹುದು. ಎರಡು ಕ್ಲಾಸ್ ಮಾಡಬೇಕೆಂಬ ನಿಯಮವೇನಿಲ್ಲ. ಹೊಸ ಡ್ರೈವ್‌ಗಳಿಗೆ ಒಂದೇ ಕ್ಲಾಸ್ ಇಟ್ಟರೆ ಮಿತಿಯೂ ಒಂದೇ, ಲೆಕ್ಕ ತಪ್ಪುವುದಿಲ್ಲ. ನಾನಾಗಿದ್ದರೆ ನಾಲ್ಕು ಇ08ಗಳಲ್ಲಿ ಮೂರನ್ನು ಮಾತ್ರ ಕೇಳುತ್ತಿದ್ದೆ, ಒಂದನ್ನು ಉಳಿದವರಿಗೆ ಬಿಡುತ್ತಿದ್ದೆ. ಮೂರರಲ್ಲಿ ಕೆಲಸ ಸಾಗುತ್ತದೆಯೇ? ಸಾಗುತ್ತದೆ, ಕ್ರಮ ಸರಿಯಿದ್ದರೆ. ಬ್ಯಾಕಪ್ ಮೊದಲು ಡಿಸ್ಕ್ ಪೂಲ್‌ಗೆ ಬರಲಿ. ಅಲ್ಲಿಂದ ಟೇಪಿಗೆ ಇಳಿಸುವ ಮುನ್ನವೇ ಕಾಪಿ ಪೂಲ್‌ಗೆ ಪ್ರತಿ ಮಾಡಿ. ಡಿಸ್ಕ್‌ನಿಂದ ಪ್ರತಿ ಮಾಡುವಾಗ ಬರೆಯುವುದಕ್ಕೆ ಮಾತ್ರ ಡ್ರೈವ್ ಬೇಕು. ಟೇಪಿಗೆ ಇಳಿಸಿದ ಮೇಲೆ ಪ್ರತಿ ಮಾಡಿದರೆ ಓದಲು ಒಂದು, ಬರೆಯಲು ಒಂದು, ಒಟ್ಟು ಎರಡು. ಎಷ್ಟೋ ಕಡೆ ಈ ಒಂದು ಅದಲುಬದಲಿನಿಂದಲೇ ಅರ್ಧ ಡ್ರೈವ್‌ಗಳು ಉಳಿಯುತ್ತವೆ. ಪ್ರತಿ ಮಾಡುವುದಕ್ಕೆ ಎರಡು ಪ್ರೊಸೆಸ್, ಪಕ್ಕದಲ್ಲಿ ಸರ್ವರ್ ಡೇಟಾಬೇಸ್ ಬ್ಯಾಕಪ್‌ಗೆ ಒಂದು: ಮೂರಾಯಿತು. ಅದು ಮುಗಿದ ಮೇಲೆ ಮೈಗ್ರೇಷನ್, ಅಂದರೆ ಡಿಸ್ಕ್‌ನಿಂದ ಟೇಪಿಗೆ ಇಳಿಸುವುದು. ರಿಕ್ಲಮೇಷನ್‌ಗೆ (ಅರೆಬರೆ ಖಾಲಿಯಾದ ಟೇಪ್‌ಗಳಲ್ಲಿ ಉಳಿದದ್ದನ್ನು ಒಟ್ಟುಗೂಡಿಸಿ ಟೇಪ್ ಬಿಡಿಸಿಕೊಳ್ಳುವುದು) ಓದಲು ಬರೆಯಲು ಎರಡು ಡ್ರೈವ್ ಬೇಕು, ಅದು ಅವರ ಹಗಲಿನಲ್ಲಿ ನಡೆಯಲಿ. ಇಡೀ ವೇಳಾಪಟ್ಟಿಯನ್ನು ಹೀಗೆ ಡ್ರೈವ್ ಲೆಕ್ಕದಲ್ಲಿ ಬರೆದು ನೋಡುವವರು ಕಡಿಮೆ. ಮೌಂಟ್ ಲಿಮಿಟ್ ಹೆಚ್ಚಿಸುವುದು ಸುಲಭ, ಬೆರಳ ತುದಿಯ ಕೆಲಸ.

ಮೌಂಟ್ ರಿಟೆನ್ಷನ್ 60 ಎಂದರೆ ಕೆಲಸ ಮುಗಿದ ಟೇಪ್ ಒಂದು ಗಂಟೆ ಡ್ರೈವ್‌ನೊಳಗೇ ಕುಳಿತಿರುತ್ತದೆ, ಮತ್ತೆ ಬೇಕಾದೀತು ಎಂದು. ಸ್ವಂತ ಲೈಬ್ರರಿ ಇದ್ದವರಿಗೆ ಅದು ನಡೆಯುತ್ತದೆ. ಕಡ ತಂದವರಿಗೆ ನಡೆಯದು, ಏಕೆಂದರೆ ಅಷ್ಟೂ ಹೊತ್ತು ಡ್ರೈವ್ ಮೀಡಿಯಾ ಸರ್ವರ್‌ನ ಹೆಸರಿನಲ್ಲೇ ಇರುತ್ತದೆ, ಝಡ್‌ಓಎಸ್ ಬೇರೆಯವರಿಗೆ ಕೊಡಲಾರದು. ‘ಕ್ವೆರಿ ಮೌಂಟ್’ ಕೊಟ್ಟು ನೋಡಿ, ಐಡಲ್ ಎಂದು ತೋರಿಸುವ ಟೇಪ್‌ಗಳು ಎಷ್ಟಿವೆ ಎಂದು. ಇದನ್ನು 2 ನಿಮಿಷಕ್ಕೆ ಇಳಿಸಿ. ಸೊನ್ನೆ ಮಾಡಬೇಡಿ: ಸೊನ್ನೆ ಮಾಡಿದರೆ ಪ್ರತಿ ಚಿಕ್ಕ ಕೆಲಸಕ್ಕೂ ಟೇಪ್ ಹಿಂದಕ್ಕೆ ಸುತ್ತಿ, ಹೊರಬಂದು, ಕಪಾಟು ಸೇರಿ, ಅರೆನಿಮಿಷದಲ್ಲಿ ಮತ್ತೆ ಅದೇ ಟೇಪ್ ಬೇಕೆನ್ನುತ್ತದೆ.

ಮೌಂಟ್ ವೆಯ್ಟ್ 60 ತಾನಾಗಿ ಬರುವ ಅಂಕಿ. ಮನುಷ್ಯರು ಟೇಪ್ ಹಾಕುತ್ತಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. 1980ರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಕನ್ಸೋಲ್‌ನಲ್ಲಿ ಐಇಸಿ501ಎ ಸಂದೇಶ ಬಂದರೆ ಆಪರೇಟರ್ ಎದ್ದು, ಟೇಪ್ ಕೋಣೆಗೆ ಹೋಗಿ, ರ‍್ಯಾಕ್‌ನಲ್ಲಿ ಆರಕ್ಷರದ ನಂಬರ್ ಹುಡುಕಿ, ರೀಲ್ ತಂದು ಹಾಕುತ್ತಿದ್ದ. ನಡುವೆ ಚಹಾ ಬಂದರೆ ಅದನ್ನೂ ಕುಡಿಯುತ್ತಿದ್ದ. ರೋಬಾಟ್ ಕೈಗೆ ಅಂಥ ಅಭ್ಯಾಸಗಳಿಲ್ಲ. ಟೇಪ್ ಬಂದರೆ ಒಂದೆರಡು ನಿಮಿಷದಲ್ಲಿ ಬರುತ್ತದೆ, ಇಲ್ಲವಾದರೆ ಏನೋ ಕೆಟ್ಟಿದೆ. 20 ನಿಮಿಷ ಇಡಿ. ವೈಫಲ್ಯ ಒಂದು ಗಂಟೆಯ ಬದಲು ಇಪ್ಪತ್ತು ನಿಮಿಷಕ್ಕೇ ಕಣ್ಣಿಗೆ ಬೀಳುತ್ತದೆ. ಮೌಂಟ್ ಲಿಮಿಟ್ ಇಳಿಸದೆ ಇದನ್ನೊಂದನ್ನೇ ಇಳಿಸಿದರೆ ಮಾತ್ರ ವೈಫಲ್ಯಗಳ ಸುರಿಮಳೆಯಾಗುತ್ತದೆ, ಮೂರನ್ನೂ ಒಟ್ಟಿಗೇ ಬದಲಿಸಿ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಇ07 ಸೆಕೆಂಡಿಗೆ 250 ಮೆಗಾಬೈಟ್ ಬರೆಯುವ ಯಂತ್ರ, ಇ08 360. ಹೊಸ ಡ್ರೈವ್ ಮೇಲೆ ಓಡಿದ ಕೆಲಸವೂ ಬೇಗ ಮುಗಿಯುತ್ತಿಲ್ಲ ಎಂದಿದ್ದೀರಿ, ಯಾಕೆ? ಇದಕ್ಕೆ ನೀವು ಒಂದು ದಿನ ಬೆಳಗ್ಗೆ ನಮ್ಮ ಶಿಡ್ಲಘಟ್ಟಕ್ಕೆ ಬಂದು ರೇಷ್ಮೆ ನೂಲು ಬಿಚ್ಚುವ ಯಾವುದಾದರೂ ಘಟಕದಲ್ಲಿ ಹತ್ತು ನಿಮಿಷ ನಿಲ್ಲಬೇಕು. ಬೇಯಿಸಿದ ಗೂಡುಗಳು ಬಿಸಿನೀರಿನ ಬೇಸಿನ್‌ನಲ್ಲಿ ಕುಣಿಯುತ್ತಿರುತ್ತವೆ. ಹಲವು ಗೂಡುಗಳ ಎಳೆ ಸೇರಿ ಒಂದು ನೂಲಾಗಿ ಮೇಲಿನ ರಾಟೆಗೆ ಸುತ್ತಿಕೊಳ್ಳುತ್ತಿರುತ್ತದೆ. ಒಂದು ಗೂಡು ಮುಗಿಯಿತೆಂದು ಬಿಚ್ಚುವವರು ರಾಟೆ ನಿಲ್ಲಿಸುವುದಿಲ್ಲ. ಪಕ್ಕದ ಗೂಡಿನ ಎಳೆಯ ತುದಿಯನ್ನು ಓಡುತ್ತಿರುವ ನೂಲಿಗೆ ಎಸೆದು ಹಿಡಿಸುತ್ತಾರೆ, ನೋಡುವವರಿಗೆ ಕೈ ಆಡಿದ್ದೇ ಕಾಣುವುದಿಲ್ಲ. ಬೇಯಿಸಿದ ಗೂಡು ಬರುವುದು ತಡವಾದರೆ ರಾಟೆ ಎಷ್ಟು ವೇಗದ್ದಾದರೂ ನಿಲ್ಲಲೇಬೇಕು, ನಿಂತು ಮತ್ತೆ ಶುರು ಮಾಡುವಾಗ ಎಳೆ ಕಡಿಯುತ್ತದೆ.  

ಟೇಪ್ ಡ್ರೈವ್ ಕೂಡ ನಿಲ್ಲದೆ ಓಡಬೇಕಾದ ಯಂತ್ರ. ದತ್ತಾಂಶ ಬರುವುದು ತಡವಾದರೆ ಟೇಪ್ ನಿಲ್ಲಬೇಕು, ಓಡಿದ ರಭಸಕ್ಕೆ ಮುಂದೆ ಹೋಗಿದ್ದನ್ನು ಹಿಂದಕ್ಕೆಳೆದು, ಮತ್ತೆ ವೇಗ ಹಿಡಿದು ಬರೆಯಬೇಕು. 3592 ಡ್ರೈವ್‌ಗಳು ಬರುವ ವೇಗಕ್ಕೆ ತಕ್ಕಂತೆ ತಮ್ಮ ವೇಗವನ್ನು ಸ್ವಲ್ಪ ಇಳಿಸಿಕೊಳ್ಳುತ್ತವೆ, ಅದಕ್ಕೂ ಒಂದು ತಳವಿದೆ. ನಿಮ್ಮ ವ್ಯವಸ್ಥೆಯಲ್ಲಿ ದತ್ತಾಂಶ ಲಿನಕ್ಸ್ ಸರ್ವರ್‌ನಿಂದ ಮೀಡಿಯಾ ಸರ್ವರ್‌ಗೆ ಟಿಸಿಪಿ/ಐಪಿ ಮೂಲಕ ಹೋಗುತ್ತದೆ. ಆ ದಾರಿ ಒಂದು ಗಿಗಾಬಿಟ್ ತಂತಿಯಾಗಿದ್ದರೆ ಕಾಗದದ ಮೇಲಿನ ಲೆಕ್ಕದಲ್ಲೇ ಸೆಕೆಂಡಿಗೆ 125 ಮೆಗಾಬೈಟ್ ದಾಟುವುದಿಲ್ಲ. ಒಂದು ಇ07ಗೂ ಸಾಲದ ಆಹಾರವನ್ನು ಇ08ಗೆ ಉಣಿಸುತ್ತಿದ್ದೀರಿ. ಎರಡೂ ಒಂದೇ ಪೆಟ್ಟಿಗೆಯೊಳಗಿದ್ದರೆ ಹೈಪರ್‌ಸಾಕೆಟ್ಸ್ ಬಳಸಲು ನೆಟ್‌ವರ್ಕ್ ತಂಡವನ್ನು ಕೇಳಿ. ಮಾತು ಮೆಮೊರಿಯೊಳಗೇ ಮುಗಿಯುತ್ತದೆ, ತಂತಿಯ ಮಾತೇ ಇಲ್ಲ. ಎರಡನೆಯ ಕಾರಣ ಚಿಕ್ಕ ಕಡತಗಳು. ಲಕ್ಷಾಂತರ ಪುಟ್ಟ ಕಡತಗಳ ಕ್ಲೈಂಟ್ ನೇರವಾಗಿ ಟೇಪಿಗೆ ಬರೆದರೆ ಪ್ರತಿ ಟ್ರಾನ್ಸಾಕ್ಷನ್ ಕೊನೆಗೆ ಡ್ರೈವ್ ತನ್ನ ಬಫರನ್ನು ಪೂರ್ತಿ ಟೇಪಿಗೆ ಇಳಿಸಬೇಕಾಗುತ್ತದೆ. ಅಂಥ ಕ್ಲೈಂಟ್‌ಗಳನ್ನು ಡಿಸ್ಕ್ ಪೂಲ್‌ಗೆ ತಿರುಗಿಸಿ. ಈ ಎರಡೂ ಡಿವೈಸ್ ಕ್ಲಾಸ್‌ನ ಆಚೆಯ ಸಂಗತಿಗಳು; ಕ್ಲಾಸ್‌ನಲ್ಲಿ ನೀವು ಏನು ಬರೆದರೂ ಇವು ಸರಿಹೋಗುವುದಿಲ್ಲ.

ಕಂಪ್ರೆಷನ್ ಹಾಗೇ ಬಿಡಿ, ಆದರೆ ಎರಡು ಕಡೆ ಮಾಡಬೇಡಿ. ಕ್ಲೈಂಟ್ ಕುಗ್ಗಿಸಿ ಕಳಿಸಿದ್ದನ್ನು ಡ್ರೈವ್ ಮತ್ತೆ ಕುಗ್ಗಿಸಲಾರದು. ಕ್ಲೈಂಟ್ ಕಡೆ ಗೂಢಲಿಪೀಕರಿಸಿದ್ದಂತೂ ಕುಗ್ಗುವುದೇ ಇಲ್ಲ. ಅಂದಾಜು ಸಾಮರ್ಥ್ಯದ ಸೆಟ್ಟಿಂಗ್ ಬಗ್ಗೆ ಚಿಂತೆಯೇ? ಬೇಡ. ಅದು ಹೆಸರಿಗೆ ತಕ್ಕಂತೆ ಅಂದಾಜು, ಎಷ್ಟು ಶೇಕಡಾ ತುಂಬಿದೆ ಎಂದು ತೋರಿಸಲಿಕ್ಕೆ. ಟೇಪ್ ನಿಜವಾಗಿ ತುಂಬಿದಾಗ ಸರ್ವರ್ ನಿಜವಾದ ಅಂಕಿಯನ್ನೇ ಇಟ್ಟುಕೊಳ್ಳುತ್ತದೆ.

ಪ್ರಿಫಿಕ್ಸ್ (ಡೇಟಾಸೆಟ್, ಅಂದರೆ ಝಡ್‌ಓಎಸ್ ಕಡತದ, ಹೆಸರಿನ ಮೊದಲ ಭಾಗ) ವಿಷಯಕ್ಕೆ ಮಾತ್ರ ಒಂದು ನಿಮಿಷ ನಿಲ್ಲೋಣ, ಅದು ಕೊನೆಯ ಮಾತಿಗೆ ದಾರಿ. ಲೇಬಲ್ ಇರುವ ಪ್ರತಿ ಟೇಪಿನ ಆರಂಭದಲ್ಲಿ 80 ಬೈಟ್‌ಗಳ ಒಂದು ದಾಖಲೆಯಿದೆ. ಮೊದಲ ನಾಲ್ಕು ಅಕ್ಷರ ‘ವಿಒಎಲ್1’, ಮುಂದಿನ ಆರು ಅಕ್ಷರ ಟೇಪಿನ ನಂಬರ್. ಅದರ ಹಿಂದೆಯೇ ಇನ್ನೊಂದು 80 ಬೈಟ್, ‘ಎಚ್‌ಡಿಆರ್1’ ಎಂದು ಶುರುವಾಗುತ್ತದೆ, ಅದರಲ್ಲಿ ಡೇಟಾಸೆಟ್ ಹೆಸರಿಗೆ ಇರುವ ಜಾಗ 17 ಅಕ್ಷರ ಮಾತ್ರ. ಹೆಸರು ಉದ್ದವಿದ್ದರೆ ಬಲಗಡೆಯ 17 ಉಳಿಯುತ್ತದೆ, ಎಡಗಡೆಯದು ಕತ್ತರಿಸಿಹೋಗುತ್ತದೆ. ಪ್ರಿಫಿಕ್ಸ್ ಬದಲಿಸದಿದ್ದರೆ ನಿಮ್ಮ ಸರ್ವರ್ ಬರೆಯುವ ಪ್ರತಿ ಟೇಪಿನ ಹೆಸರೂ ‘ಎಡಿಎಸ್‌ಎಂ.ಬಿಎಫ್‌ಎಸ್’. ಪರೀಕ್ಷೆಗೆಂದು ಇನ್ನೊಂದು ಸರ್ವರ್ ಇದ್ದು, ಅದಕ್ಕೂ ಇದೇ ಪ್ರಿಫಿಕ್ಸ್ ಇದ್ದರೆ, ಹೆಸರು ನೋಡಿ ಯಾರ ಟೇಪ್ ಯಾವುದೆಂದು ಹೇಳುವುದು ಅಸಾಧ್ಯ. ಪ್ರತಿ ಸರ್ವರ್‌ಗೂ ಬೇರೆ ಪ್ರಿಫಿಕ್ಸ್ ಕೊಡಿ, ಚಿಕ್ಕದಾಗಿರಲಿ. ರ‍್ಯಾಕ್‌ಎಫ್ (ಝಡ್‌ಓಎಸ್‌ನ ಭದ್ರತಾ ತಂತ್ರಾಂಶ) ರಕ್ಷಣೆಯನ್ನೂ, ಟೇಪ್ ನಿರ್ವಹಣೆಯ ನಿಯಮವನ್ನೂ ಆ ಹೆಸರಿನ ಮೇಲೆಯೇ ಕಟ್ಟಬಹುದು. ಪ್ರೊಟೆಕ್ಷನ್ ‘ಯೆಸ್’ ಮಾಡಿದರೆ ಪ್ರತಿ ಟೇಪಿಗೂ ರ‍್ಯಾಕ್‌ಎಫ್ ಪ್ರೊಫೈಲ್ ಹುಟ್ಟುತ್ತದೆ, ಅಳಿಸುವ ಕೆಲಸ ನಿಮ್ಮ ಕೊರಳಿಗೆ. ಡೇಟಾಸೆಟ್ ಹೆಸರಿನ ಪ್ರೊಫೈಲ್ ಸಾಕು ಎಂಬುದು ನನ್ನ ಅಭಿಪ್ರಾಯ.

ಅದೇ ಎಚ್‌ಡಿಆರ್1 ದಾಖಲೆಯಲ್ಲಿ ಮುಂದೆ ಇನ್ನೊಂದು ಅಂಕಣವಿದೆ: ಅವಧಿ ಮುಗಿಯುವ ದಿನ. ಡಿವೈಸ್ ಕ್ಲಾಸ್‌ನಲ್ಲಿ ರಿಟೆನ್ಷನ್ ಅಥವಾ ಎಕ್ಸ್‌ಪಿರೇಷನ್ ಬರೆದರೆ ಅದು ಹೋಗಿ ಸೇರುವುದು ಅಲ್ಲಿಗೆ. ಬ್ಯಾಕಪ್ ಸರ್ವರ್ ಆ ದಿನಾಂಕವನ್ನು ತಾನು ಎಂದೂ ತಿರುಗಿ ನೋಡುವುದಿಲ್ಲ. ನೋಡುವುದು ಆರ್‌ಎಂಎಂ ಅಥವಾ ನಿಮ್ಮಲ್ಲಿರುವ ಬೇರೆ ಟೇಪ್ ನಿರ್ವಹಣಾ ತಂತ್ರಾಂಶ. ನಲವತ್ತೈದು ದಿನ ಕಳೆದ ಬೆಳಗ್ಗೆ ಅದು ‘ಅವಧಿ ಮುಗಿಯಿತು’ ಎಂದು ಟೇಪನ್ನು ಸ್ಕ್ರ್ಯಾಚ್‌ಗೆ ಹಾಕುತ್ತದೆ. ಆ ಟೇಪಿನ ಮೇಲೆ ನಿಮ್ಮ ಗ್ರಾಹಕರ ಏಳು ವರ್ಷದ ದಾಖಲೆಯ ಏಕೈಕ ಪ್ರತಿ ಇದೆ ಎಂದು ಸರ್ವರ್ ಇನ್ನೂ ನಂಬಿಕೊಂಡೇ ಇರುತ್ತದೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕೇಂದ್ರದಲ್ಲಿ ಹೀಗೇ ಆಯಿತು. ಯಾರೋ 30 ದಿನ ಎಂದು ಬರೆದಿದ್ದರು, ಸ್ಕ್ರ್ಯಾಚ್ ಸಂಖ್ಯೆ ಏರಿದ್ದು ಕಂಡು ನಾವೆಲ್ಲ ಸಂತೋಷಪಟ್ಟೆವು. ಮೂರನೆಯ ತಿಂಗಳು ಸಂಬಳದ ಹಳೆಯ ಕಡತವೊಂದನ್ನು ರೀಸ್ಟೋರ್ ಮಾಡಲು ಹೊರಟಾಗ ಟೇಪ್ ಓಪನ್ ಆಗಲಿಲ್ಲ. ಎಚ್‌ಡಿಆರ್1 ತೆಗೆದು ನೋಡಿದರೆ ಅಲ್ಲಿ ಯಾವುದೋ ಬ್ಯಾಚ್ ಕೆಲಸದ ವರದಿಯ ಹೆಸರು. ಒಂದೊಂದಾಗಿ ತೆಗೆಯುತ್ತ ಹೋದೆವು, ಹನ್ನೊಂದು ಟೇಪ್‌ಗಳು ಹಾಗೆ ಹೋಗಿದ್ದವು. ಆ ರಾತ್ರಿ ಆ ಕೋಣೆಯ ಏಸಿಯ ಸದ್ದು ನನಗೆ ಇನ್ನೂ ನೆನಪಿದೆ, ಏಕೆಂದರೆ ಬೇರೆ ಯಾರೂ ಮಾತಾಡಲಿಲ್ಲ.

ಹಾಗಾಗಿ ರಿಟೆನ್ಷನ್, ಎಕ್ಸ್‌ಪಿರೇಷನ್ ಎರಡನ್ನೂ ಖಾಲಿ ಬಿಡಿ. ಆರ್‌ಎಂಎಂನಲ್ಲಿ ನಿಮ್ಮ ಪ್ರಿಫಿಕ್ಸ್‌ನ ಡೇಟಾಸೆಟ್‌ಗೆ ‘ಬಿಡುಗಡೆ ಹೇಳುವವರೆಗೆ ಇಟ್ಟುಕೋ’ ಎಂಬ ಅರ್ಥ ಬರುವಂಥ ವಿಆರ್‌ಎಸ್ (ಟೇಪ್ ಉಳಿಸಿಕೊಳ್ಳುವ ನಿಯಮ) ಹಾಕಿಸಿ. ಟೇಪ್ ಖಾಲಿಯಾದಾಗ ಬಿಡುಗಡೆ ಹೇಳುವ ಕೆಲಸ ಡಿಲೀಷನ್ ಎಕ್ಸಿಟ್ ಎಂಬ ಪುಟ್ಟ ಪ್ರೋಗ್ರಾಮಿನದು. ಆರ್‌ಎಂಎಂ ಅದಕ್ಕೆಂದೇ ಇಡಿಜಿಟಿವಿಇಎಕ್ಸ್‌ಟಿ ಎಂಬ ಮಾಡ್ಯೂಲ್ ಕೊಡುತ್ತದೆ. ಸ್ಕ್ರ್ಯಾಚ್ ಕರಗುತ್ತಿರುವುದಕ್ಕೆ ಮೊದಲು ಹುಡುಕಬೇಕಾದ ಜಾಗವೂ ಇದೇ. ಸರ್ವರ್‌ನ ಟೇಪ್ ಪಟ್ಟಿಯನ್ನೂ ಆರ್‌ಎಂಎಂ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಆರ್‌ಎಂಎಂನಲ್ಲಿ ಸರ್ವರ್‌ನದೆಂದು ಇದ್ದು ಸರ್ವರ್‌ನ ಪಟ್ಟಿಯಲ್ಲಿ ಇಲ್ಲದ ಟೇಪ್‌ಗಳಿದ್ದರೆ ಎಕ್ಸಿಟ್ ಕೆಲಸ ಮಾಡುತ್ತಿಲ್ಲ. ವಾಪಸು ಕೊಡುವ ಮುನ್ನ ವಾಲ್ಯೂಮ್ ಹಿಸ್ಟರಿಯನ್ನೂ (ಸರ್ವರ್ ಬಳಸಿದ ಟೇಪ್‌ಗಳ ದಾಖಲೆ) ನೋಡಿ, ಡೇಟಾಬೇಸ್ ಬ್ಯಾಕಪ್‌ನ ಟೇಪ್‌ಗಳು ಪೂಲ್‌ಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಅವನ್ನು ಅನಾಥವೆಂದು ಬಗೆದು ಬಿಟ್ಟೀರಿ. ಎರಡು ಪಟ್ಟಿಗಳೂ ತಾಳೆಯಾದರೆ ಕಾರಣ ಇನ್ನೂ ಸರಳ: ಡ್ರೈವ್‌ಗಳೆಲ್ಲ ಸಂಜೆಯವರೆಗೆ ಬ್ಯಾಕಪ್‌ನಲ್ಲೇ ಸಿಕ್ಕಿಕೊಂಡು ರಿಕ್ಲಮೇಷನ್‌ಗೆ ಒಂದು ತಿಂಗಳಿನಿಂದ ಸರದಿಯೇ ಬಂದಿಲ್ಲ. ರಿಟೆನ್ಷನ್ 45 ಈಗಾಗಲೇ ಹಾಕಿದ್ದರೆ ಕ್ಲಾಸ್‌ನಲ್ಲಿ ಅಳಿಸಿದರಷ್ಟೇ ಸಾಲದು. ಅಷ್ಟರಲ್ಲಿ ಬರೆದ ಟೇಪ್‌ಗಳ ದಿನಾಂಕ ಆರ್‌ಎಂಎಂನಲ್ಲಿ ದಾಖಲಾಗಿರುತ್ತದೆ, ಒಂದೊಂದನ್ನೂ ಅಲ್ಲೇ ತಿದ್ದಿಸಬೇಕು.

ಕೆಲಸದ ಕ್ರಮ ಹೀಗಿರಲಿ. ಇವತ್ತು ಮೌಂಟ್ ಲಿಮಿಟ್, ಮೌಂಟ್ ರಿಟೆನ್ಷನ್, ಮೌಂಟ್ ವೆಯ್ಟ್ ಮೂರನ್ನೂ ಬದಲಿಸಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹಳೆಯ ಎರಡು ಕ್ಲಾಸ್‌ಗಳಿಗೆ ಸದ್ಯಕ್ಕೆ ತಲಾ 3 ಇಡಿ, ಎರಡು ಡ್ರೈವ್ ಉಳಿದವರಿಗೆ ಸಿಗುತ್ತವೆ. ಈ ವಾರ ‘ಡಿಎಸ್ ಕ್ಯೂಟಿ’ ಹಾಳೆ ಮತ್ತು ಪಟ್ಟಿಗಳ ಹೋಲಿಕೆ. ಎಸೊಟೆರಿಕ್ ಹೆಸರು, ಹೊಸ ಕ್ಲಾಸ್, ಹೊಸ ಪೂಲ್ ಮುಂದಿನ ಬದಲಾವಣೆಯ ಭಾನುವಾರಕ್ಕೆ. ಪ್ರತಿ ಬದಲಾವಣೆ ಆದ ಮೇಲೆ ‘ಬ್ಯಾಕಪ್ ಡೆವ್‌ಕಾನ್ಫಿಗ್’ ಮತ್ತು ‘ಬ್ಯಾಕಪ್ ವಾಲ್‌ಹಿಸ್ಟ್’ ಕೊಡಿ. ಸರ್ವರ್‌ನ ಡೇಟಾಬೇಸ್ ಹಾಳಾದ ದಿನ ಅದನ್ನು ಟೇಪಿನಿಂದ ತೆಗೆಯಬೇಕಾದರೆ, ಯಾವ ಕ್ಲಾಸ್, ಯಾವ ಟೇಪ್ ಎಂದು ಹೇಳುವುದು ಆ ಎರಡು ಕಡತಗಳು ಮಾತ್ರ. ಅವು ಈಗ ಎಲ್ಲಿ ಬೀಳುತ್ತಿವೆ ಎಂದು ನೋಡಿ. ಡೇಟಾಬೇಸ್ ಇರುವ ಡಿಸ್ಕ್‌ನಲ್ಲೇ ಇದ್ದರೆ ಇವತ್ತೇ ಇನ್ನೊಂದು ಪ್ರತಿಯನ್ನು ಬೇರೆ ಯಂತ್ರಕ್ಕೆ ಕಳುಹಿಸಿ.